ಮೂರು ನಿಮಿಷದ ತಾಲ್ಲೂಕು

ಬೆಂಗಳೂರು ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ವಿಮಾನದವರ ಲೆಕ್ಕದಲ್ಲಿ 165 ನಾಟಿಕಲ್ ಮೈಲಿ. ಆ ಗೆರೆ ಸಕಲೇಶಪುರ ಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರ್ ಉತ್ತರಕ್ಕೆ, ನಮ್ಮ ಕಾಫಿ ತೋಟಗಳ ನೆತ್ತಿಯ ಮೇಲೇ ಹಾದುಹೋಗುತ್ತದೆ. ಜೆಟ್ ವಿಮಾನ ನಿಮಿಷಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್ ನುಂಗುತ್ತದೆ. ಅಂದರೆ ನಮ್ಮ ತಾಲ್ಲೂಕು ಮೂರು ನಿಮಿಷದ್ದು.

ಕಿಟಕಿ ಪಕ್ಕ ಕೂತವನು ತಿಂಡಿ ಪೊಟ್ಟಣದ ಕಾಗದ ಬಿಚ್ಚುವಷ್ಟರಲ್ಲಿ ಆಲೂರು ಮುಗಿದಿರುತ್ತದೆ. ಮೊದಲ ತುತ್ತಿಗೆ ಸಕಲೇಶಪುರ. ಎರಡನೆಯದಕ್ಕೆ ಘಟ್ಟವೂ ಮುಗಿಯಿತು.

ನೆಲದ ಮೇಲೆ ಅದೇ ದೂರಕ್ಕೆ ಎಷ್ಟು ಹೊತ್ತು? ಯಾವ ತಿಂಗಳು ಎಂದು ಮೊದಲು ಹೇಳಿ. ಜನವರಿಗೊಂದು ಲೆಕ್ಕ, ಜುಲೈಗೊಂದು ಲೆಕ್ಕ. ಜುಲೈನಲ್ಲಿ ಗಂಟೆಗಳಲ್ಲಿ ಹೇಳಬೇಕೋ ದಿನಗಳಲ್ಲಿ ಹೇಳಬೇಕೋ ಎಂಬುದನ್ನು ಗುಡ್ಡ ತೀರ್ಮಾನಿಸುತ್ತದೆ.

"ಮಾವ, ಫ್ಲೈಟಲ್ಲಿ ಒಂದೇ ಅವರ್ ಅಲ್ವಾ?" ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಸೋದರಳಿಯಂದಿರು ನಮ್ಮ ಕಡೆಯ ಮನೆಮನೆಯಲ್ಲೂ ಇದ್ದಾರೆ. ಅವರೆಲ್ಲರ ಬಾಯಲ್ಲೂ ಇದೇ ಮಾತು. ಶಿರಾಡಿ ಘಟ್ಟದ ರಸ್ತೆ ಬಂದ್ ಆಗಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗುತ್ತಿಲ್ಲ ಅಂದರೂ ಇದೇ. ಸಕಲೇಶಪುರದಿಂದ ಮಂಗಳೂರಿಗೆ ಸುಮಾರು 130 ಕಿಲೋಮೀಟರ್, ಪಶ್ಚಿಮಕ್ಕೆ. ಬೆಂಗಳೂರಿಗೆ ಸುಮಾರು 220, ಪೂರ್ವಕ್ಕೆ. ವಿಮಾನ ನಿಲ್ದಾಣವಿರುವ ದೇವನಹಳ್ಳಿ ಅದರಿಂದಲೂ ಆಚೆ. ಅಳಿಯನ ಸಲಹೆಯಂತೆ ನಾವು ಮೊದಲು ಪೂರ್ವಕ್ಕೆ ದೇವನಹಳ್ಳಿಯವರೆಗೆ ಹೋಗಬೇಕು, ಅಲ್ಲಿ ವಿಮಾನ ಹತ್ತಬೇಕು, ನಮ್ಮದೇ ಮನೆಯ ಹೆಂಚಿನ ಮೇಲೆ ಹಾರಿ ಪಶ್ಚಿಮಕ್ಕೆ ಇಳಿಯಬೇಕು. ಒಂದೇ ಅವರ್!

ಆ ಒಂದು ಗಂಟೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ವಿಮಾನ ಆಕಾಶದಲ್ಲಿ ಇರುವುದು ನಲವತ್ತು ನಲವತ್ತೈದು ನಿಮಿಷ. ಟಿಕೆಟ್ಟಿನಲ್ಲಿ ಬರೆಯುವುದು ಒಂದು ಗಂಟೆ, ಒಂದೂಕಾಲು ಗಂಟೆ. ಮಿಕ್ಕಿದ್ದು ನೆಲದ ಮೇಲೆ ಉರುಳುವುದಕ್ಕೆ, ಸಾಲಿನಲ್ಲಿ ನಿಲ್ಲುವುದಕ್ಕೆ. ಚಕ್ರಕ್ಕೆ ಕೊಟ್ಟ ಅಡ್ಡ ತೆಗೆದಲ್ಲಿಂದ ಆ ಊರಲ್ಲಿ ಮತ್ತೆ ಅಡ್ಡ ಕೊಡುವವರೆಗೆ ಅವರ ಲೆಕ್ಕ. ಅದರ ಮೇಲೆ ಇನ್ನೊಂದಿಷ್ಟು ನಿಮಿಷಗಳನ್ನು ಮೊದಲೇ ಸೇರಿಸಿ ಇಟ್ಟುಕೊಳ್ಳುವ ಚಾಳಿ ಜಗತ್ತಿನ ವಿಮಾನ ಕಂಪನಿಗಳಿಗೆಲ್ಲ ಇದೆ. ಹದಿನೈದು ನಿಮಿಷದವರೆಗೆ ತಡವಾದರೆ ತಡವೇ ಅಲ್ಲ ಎಂಬ ಕಾಯಿದೆ ಬೇರೆ. ಮೊದಲೇ ಹೆಚ್ಚು ಬರೆದುಕೊಂಡವನು ಇಪ್ಪತ್ತು ನಿಮಿಷ ಬೇಗ ಇಳಿಯುತ್ತಾನೆ. ಇಳಿದ ಕೂಡಲೇ ಮೈಕಿನಲ್ಲಿ ಹೆಮ್ಮೆ.

ಪಾಪ, ನಮ್ಮ ಕೆಎಸ್ಸಾರ್ಟಿಸಿಯವರಿಗೆ ಈ ವಿದ್ಯೆ ಬರುವುದಿಲ್ಲ. ಬೆಂಗಳೂರು–ಮಂಗಳೂರು ಎರಡು ದಿನ ಎಂದು ಬೋರ್ಡಿನಲ್ಲಿ ಬರೆದಿದ್ದರೆ ಶಿರಾಡಿಯ ಬಸ್ಸುಗಳು ದೇಶದಲ್ಲೇ ಅತಿ ಶಿಸ್ತಿನವು ಎನಿಸಿಕೊಳ್ಳುತ್ತಿದ್ದವು.

ಇರಲಿ. ಬೆಂಗಳೂರಿನವನ ಲೆಕ್ಕವನ್ನೇ ಹಾಕೋಣ. ಜಯನಗರದ ಮನೆಯಿಂದ ದೇವನಹಳ್ಳಿಗೆ ಎರಡು ಗಂಟೆ. ಹೆಬ್ಬಾಳದ ಮೇಲ್ಸೇತುವೆ ಕರುಣೆ ತೋರಿದರೆ ಮಾತ್ರ. ಎರಡು ಗಂಟೆ ಮೊದಲೇ ಬನ್ನಿ ಎಂದು ನಿಲ್ದಾಣದವರ ಅಪ್ಪಣೆ. ಬೆಲ್ಟು ಬಿಚ್ಚಿ, ಬೂಟು ಬಿಚ್ಚಿ, ಲ್ಯಾಪ್‌ಟಾಪ್ ತೆಗೆದು, ಮತ್ತೆ ಎಲ್ಲವನ್ನೂ ತೊಟ್ಟು ತುಂಬಿಕೊಳ್ಳುವ ಕಾರ್ಯಕ್ರಮ ಅದು. ಆಮೇಲೆ ಟಿಕೆಟ್ಟಿನಲ್ಲಿರುವ ಒಂದೂಕಾಲು ಗಂಟೆ. ಸಾಮಾನು ಬರುವುದಕ್ಕೆ ಅರ್ಧ ಗಂಟೆ. ಮಂಗಳೂರು ನಿಲ್ದಾಣವಿರುವ ಬಜಪೆ ಗುಡ್ಡ ಇಳಿದು ಊರೊಳಗಿನ ಹಂಪನಕಟ್ಟೆ ಸೇರಲು ಮುಕ್ಕಾಲು ಗಂಟೆ. ಕೂಡಿಸಿ ನೋಡಿ: ಆರೂವರೆ ಗಂಟೆ. ಬಸ್ಸಿನಲ್ಲಿ, ಘಟ್ಟ ತೆರೆದಿದ್ದರೆ, ಏಳೆಂಟು ಗಂಟೆ. ಉಳಿದದ್ದು ಒಂದು ಗಂಟೆಯ ಆಸುಪಾಸು. ಅದರ ಬೆಲೆ ಸಾವಿರಗಟ್ಟಲೆ ರೂಪಾಯಿ. ಆದರೂ ಬಾಯಿಬಿಟ್ಟರೆ "ಒಂದೇ ಅವರ್".

ಹಿಂದೆ ವಿಮಾನ ಎಚ್‌ಎಎಲ್‌ನಿಂದ ಹೊರಡುತ್ತಿತ್ತು. ಊರೊಳಗೇ ಇತ್ತು. 2008ರ ಮೇನಲ್ಲಿ ದೇವನಹಳ್ಳಿಗೆ ಹೋಯಿತು. ಹಾರುವ ಹೊತ್ತು ಅಷ್ಟೇ ಉಳಿಯಿತು, ಹತ್ತಲು ಹೋಗುವ ಹೊತ್ತು ಬೆಳೆಯಿತು. ಇದಕ್ಕೆ ಪ್ರಗತಿ ಎಂದು ಹೆಸರಿಟ್ಟೆವು.

ಅಲ್ಲಿ 2022ರ ನವೆಂಬರಿನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. ಉದ್ಯಾನದಲ್ಲೊಂದು ಟರ್ಮಿನಲ್ ಎಂದು ಹೊಗಳಿಕೆ. ಚಾವಣಿಗೆ ಬಿದಿರು, ಮೇಲಿಂದ ಇಳಿಬಿಟ್ಟ ಗಿಡಗಳು, ಒಳಗೇ ಜಲಪಾತ. ನಮ್ಮಲ್ಲಿ ಹೆದ್ದಾರಿಗೆಂದು ಗುಡ್ಡ ಕಡಿದು, ಬಿದಿರು ಕಿತ್ತು, ಹಳ್ಳ ಮುಚ್ಚಿ ಆಗಿದೆ. ಅಲ್ಲಿ ಅದನ್ನೇ ಕಬ್ಬಿಣ, ಗಾಜು, ಮೋಟಾರಿನ ನೀರು ಸೇರಿಸಿ ಮತ್ತೆ ಕಟ್ಟಿದ್ದಾರೆ. ಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದ ಅಂಗಡಿಯಲ್ಲಿ ಮೂರಂಕಿಯ ಬೆಲೆಗೆ ಕಾಫಿ. ನಮ್ಮ ಗುಡ್ಡಗಳದ್ದೇ ಬೀಜ. ಮೂರು ಬಾರಿ ಮಳೆ ಕೈಕೊಟ್ಟು, ಒಂದು ಬಾರಿ ಆನೆ ತುಳಿದು, ಕೆಲಸಕ್ಕೆ ಆಳು ಸಿಗದೆ, ಕೊನೆಗೂ ಕೊಯ್ಲಾದ ಬೀಜ. ಆ ಲೋಟದ ಬೆಲೆಯಲ್ಲಿ ಬೆಳೆಗಾರನ ಪಾಲೆಷ್ಟು ಎಂದು ಕೇಳಬೇಡಿ. ಬೋರ್ಡಿಂಗ್ ಶುರುವಾಗಿದೆ.

ಇನ್ನು ಆ ತುದಿ. ಮಂಗಳೂರು ನಿಲ್ದಾಣ 1951ರ ಡಿಸೆಂಬರ್ 25ರಂದು ಶುರುವಾದದ್ದು. ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದಿದ್ದರು. ಗುಡ್ಡದ ತಲೆ ಸಮಮಾಡಿ ಮಾಡಿದ ರನ್‌ವೇ. ಸುತ್ತ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು. ಬದುಕಿದವರು ಎಂಟು. ಈ ಮಾತಿಗೆ ವ್ಯಂಗ್ಯ ಸಲ್ಲದು. ಆಮೇಲೆ ನಡೆದದ್ದಕ್ಕೆ ಸಲ್ಲುತ್ತದೆ. ರನ್‌ವೇ ಉದ್ದ ಮಾಡಬೇಕು ಎಂಬ ಮಾತು ಅಂದಿನಿಂದ ಹಾರುತ್ತಲೇ ಇದೆ. ರನ್‌ವೇ 2,450 ಮೀಟರಿನಲ್ಲೇ ನಿಂತಿದೆ. ನಿಲ್ದಾಣ ಮಾತ್ರ 2020ರ ಅಕ್ಟೋಬರಿನಲ್ಲಿ ಸರ್ಕಾರದ ಕೈಯಿಂದ ಅದಾನಿ ಕೈಗೆ ಬಲು ಬೇಗ ಜಾರಿತು. ಜಾರುವುದಕ್ಕೆ ಉದ್ದ ರನ್‌ವೇ ಬೇಕಾಗಲಿಲ್ಲ.

ಮಳೆಗಾಲದಲ್ಲಿ ಬಜಪೆ ಗುಡ್ಡಕ್ಕೆ ಮೋಡ ಕವಿದರೆ ರನ್‌ವೇ ಕಾಣುವುದಿಲ್ಲ. ವಿಮಾನ ಒಂದೆರಡು ಸುತ್ತು ಹಾಕುತ್ತದೆ. ಆಮೇಲೆ ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತದೆ, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲ ಎಂದು ಬೆಂಗಳೂರಿಗೇ ಹಿಂತಿರುಗುತ್ತದೆ. ಪ್ರಯಾಣಿಕ ಆರುನೂರು ಕಿಲೋಮೀಟರ್ ಹಾರಿ, ಹೊರಟ ಬಾಗಿಲಲ್ಲೇ ಇಳಿದಿರುತ್ತಾನೆ. ನಮ್ಮ ತಾಲ್ಲೂಕನ್ನು ಎರಡು ಸಲ ದಾಟಿದ್ದಾನೆ. ಆರು ನಿಮಿಷ.

ಆ ವಾರವೇ ಕೆಳಗೆ ಶಿರಾಡಿಯೂ ಬಂದ್ ಆಗಿರುತ್ತದೆ. ಮೋಡಕ್ಕೂ ಗುಡ್ಡಕ್ಕೂ ಒಳ ಒಪ್ಪಂದ ಇದ್ದಂತಿದೆ. ರಸ್ತೆ ಮುಚ್ಚಿದ ದಿನವೇ ವಿಮಾನದ ಟಿಕೆಟ್ ದರ ಗಗನಕ್ಕೇರುತ್ತದೆ. ಬೇಡಿಕೆಗೆ ತಕ್ಕ ಬೆಲೆ ಎಂದು ಅದಕ್ಕೊಂದು ಗಂಭೀರ ವಿವರಣೆ. ಪ್ರವಾಹದಲ್ಲಿ ದೋಣಿಯವನು ಹೆಚ್ಚು ಕೇಳಿದರೆ ಅವನು ಕಟುಕ. ಕಂಪ್ಯೂಟರ್ ಕೇಳಿದರೆ ಅರ್ಥಶಾಸ್ತ್ರ.

ಶಿರಾಡಿಯ ಕತೆಗೆ ಬರೋಣ. ಬೇಡವೆಂದರೂ ಬರಲೇಬೇಕು, ಬೇರೆ ದಾರಿ ಇಲ್ಲ.

ಈ ಘಟ್ಟ ಎಷ್ಟು ಮುಖ್ಯ ಎಂಬುದು ಟಿಪ್ಪುವಿಗೆ ಗೊತ್ತಿತ್ತು. ಕರಾವಳಿಯಿಂದ ಮೇಲೆ ಬರುವ ದಾರಿಯ ಮೇಲೆ ಕಣ್ಣಿಡಲೆಂದೇ ಮಂಜರಾಬಾದ್ ಕೋಟೆ ಕಟ್ಟಿಸಿದ. 1792ರ ಹೊತ್ತಿಗೆ ಅದು ಮುಗಿದಿತ್ತು. ಎಂಟು ಮೂಲೆಯ ನಕ್ಷತ್ರ. ಅದರ ಚಂದ ಪೂರ್ತಿ ಕಾಣುವುದು ಆಕಾಶದಿಂದ ಮಾತ್ರ. ಈಗಿನ ಪ್ರವಾಸೋದ್ಯಮದ ಚಿತ್ರಗಳೆಲ್ಲ ಡ್ರೋನ್‌ನಲ್ಲಿ ತೆಗೆದವೇ. ಕೋಟೆಯ ಮೇಲಿಂದ ರಸ್ತೆ ನೋಡಿದವನು ಟಿಪ್ಪು. ನಮ್ಮವರು ಕೋಟೆಯನ್ನೂ ರಸ್ತೆಯನ್ನೂ ಮೇಲಿಂದಲೇ ನೋಡುತ್ತಾರೆ.

2015ರಲ್ಲಿ ಕಾಂಕ್ರೀಟ್ ಹಾಕುತ್ತೇವೆಂದು ಘಟ್ಟ ಮುಚ್ಚಿದರು. ತಿಂಗಳುಗಟ್ಟಲೆ. ನಾವು ಚಾರ್ಮಾಡಿ ಸುತ್ತಿದೆವು, ಬಿಸಿಲೆ ಸುತ್ತಿದೆವು, ಸಂಪಾಜೆ ಸುತ್ತಿದೆವು. 2018ರ ಜನವರಿಯಲ್ಲಿ ಎರಡನೇ ಹಂತವೆಂದು ಮತ್ತೆ ಮುಚ್ಚಿದರು. ಜುಲೈನಲ್ಲಿ ರಿಬ್ಬನ್ ಕತ್ತರಿಸಿ ತೆರೆದರು. ಆಗಸ್ಟ್‌ನಲ್ಲಿ ಗುಡ್ಡ ಜರಿದು ಮತ್ತೆ ಮುಚ್ಚಿತು. ಕಾಂಕ್ರೀಟ್ ಗಟ್ಟಿಯಾಗಿಯೇ ಇತ್ತು, ಸ್ವಾಮಿ. ಅದರ ಮೇಲೂ ಕೆಳಗೂ ಇದ್ದ ಗುಡ್ಡ ಮಾತ್ರ ಟೆಂಡರಿನಲ್ಲಿ ಇರಲಿಲ್ಲ.

ಹಾಸನದಿಂದ ಮಾರನಹಳ್ಳಿವರೆಗಿನ 45 ಕಿಲೋಮೀಟರ್ ನಾಲ್ಕು ಪಥದ ಕತೆ ಇನ್ನೂ ಚೆನ್ನಾಗಿದೆ. ಗುತ್ತಿಗೆ ಹಿಡಿದ ವಿದೇಶಿ ಕಂಪನಿ ದಿವಾಳಿಯೆದ್ದಿತು. ಕೆಲಸ ಕೈ ಬದಲಾಯಿತು. ವರ್ಷಗಳು ಕಳೆದವು. ಆಲೂರು, ಬಾಳ್ಳುಪೇಟೆ ದಾಟಿ ಸಕಲೇಶಪುರದ ಕಡೆ ಬರುವವರು ಧೂಳನ್ನೂ ಕೆಸರನ್ನೂ ಸರದಿಯ ಮೇಲೆ ತಿಂದರು. ಅಲ್ಲಿಂದ ಮುಂದೆ ದೋಣಿಗಾಲ್, ದೊಡ್ಡತಪ್ಪಲು. ಗುಡ್ಡಗಳನ್ನು ಗೋಡೆ ಥರ ನೆಟ್ಟಗೆ ಕಡಿದು ನಿಲ್ಲಿಸಿದರು. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಧರೆ ಜರಿದು ರಸ್ತೆಗೆ ಬಿತ್ತು, ವಾಹನಗಳು ಮಣ್ಣಿನಲ್ಲಿ ಹೂತವು. ಆಮೇಲೆ ಮಂತ್ರಿಗಳು ಬಂದರು, ನೋಡಿದರು, ಗುಡ್ಡವನ್ನು ಹೀಗೆ ನೆಟ್ಟಗೆ ಕಡಿಯಬಾರದಿತ್ತು ಎಂಬ ಸತ್ಯವನ್ನು ಕಂಡುಹಿಡಿದರು. ತೋಟದಲ್ಲಿ ಗುಂಡಿ ತೆಗೆಯುವ ಆಳಿಗೂ ಈ ಸತ್ಯ ಗೊತ್ತು. ಮಲೆನಾಡಿನ ಮಣ್ಣನ್ನು ಇಳಿಜಾರು ಬಿಡದೆ ಕಡಿದರೆ ಮೊದಲ ಮಳೆಗೇ ಅದು ಇಳಿಯುತ್ತದೆ. ಆದರೆ ಆಳಿನ ಬಳಿ ಎಂಜಿನಿಯರಿಂಗ್ ಪದವಿ ಇಲ್ಲ. ಹಾಗಾಗಿ ಅವನು ಹೇಳಿದ್ದು ಅನುಭವ, ಸಮಿತಿ ಹೇಳಿದರೆ ವರದಿ.

ಘಟ್ಟಕ್ಕೆ ಸುರಂಗ ಕೊರೆಯುವ ಮಾತೂ ಇದೆ. ಜಪಾನಿನ ನೆರವು ಎಂದರು. ಸಾವಿರಾರು ಕೋಟಿ ಎಂದರು. ಪ್ರತಿ ಚುನಾವಣೆಗೂ ಆ ಸುರಂಗದ ತುದಿಯಲ್ಲಿ ಬೆಳಕು ಕಾಣಿಸುತ್ತದೆ. ಸುರಂಗ ಮಾತ್ರ ಇನ್ನೂ ಕಾಣಿಸಿಲ್ಲ.

ವೈಮಾನಿಕ ಸಮೀಕ್ಷೆ ಎಂಬ ಪವಾಡದ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಮಳೆ ಬಂದು ಮಲೆನಾಡು ಕುಸಿದರೆ ದೊಡ್ಡವರು ಹೆಲಿಕಾಪ್ಟರ್ ಹತ್ತುತ್ತಾರೆ. ಸೀರೆಯ ಅಂಚು ನೋಡಿದ ಹಾಗೆ ಹೊಳೆಯ ಅಂಚು ನೋಡುತ್ತಾರೆ. ಕಿಟಕಿಗೆ ಹಣೆ ಒತ್ತಿಕೊಂಡ ಫೋಟೋ ಮರುದಿನ ಪತ್ರಿಕೆಯಲ್ಲಿ. ರಸ್ತೆ ಹಾಳಾಗಿದೆಯೇ ಎಂದು ತಿಳಿಯಲು ರಸ್ತೆಯಲ್ಲಿ ಹೋಗಬೇಕು. ಮೇಲಿಂದ ನೋಡಿದರೆ ಶಿರಾಡಿ ಎಂದೂ ಹಾಳಾಗಿಲ್ಲ. ಹಸಿರು ಕಾಡಿನ ನಡುವೆ ಕೆಂಪು ಗೆರೆ. ಬಲು ಚಂದ.

ರಸ್ತೆ ಬೇಡ, ರೈಲು ಹತ್ತಿ ಎನ್ನುವ ಜಾಣರೂ ಇದ್ದಾರೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್. 57 ಸುರಂಗ. ಐವತ್ತು ಅಡಿ ಸಾಗಿದರೆ ಒಂದಡಿ ಇಳಿಯುವ ದಾರಿ. ಇಲ್ಲಿ ರೈಲಿನ ವೇಗ ಗಂಟೆಗೆ ಮೂವತ್ತು ಕಿಲೋಮೀಟರ್. ಈ ಭಾಗ ದೇಶದ ಅದ್ಭುತಗಳಲ್ಲಿ ಒಂದು, ಒಪ್ಪೋಣ. 1979ರಲ್ಲಿ ಮೀಟರ್‌ಗೇಜ್ ದಾರಿ ಪೂರ್ಣವಾಯಿತು. 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ನಿಲ್ಲಿಸಿದರು. ಆ ವರ್ಷ ಜೂನ್‌ನಲ್ಲಿ ದೇಶಕ್ಕೆ ಪ್ರಧಾನಿಯಾದವರು ನಮ್ಮದೇ ಹಾಸನ ಜಿಲ್ಲೆಯವರು, ಎಚ್.ಡಿ. ದೇವೇಗೌಡರು. ಇನ್ನೇನು ಬೇಕು ಅಂದುಕೊಂಡೆವು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ. ಆ ನಡುವೆ, 2005ರ ಜುಲೈನಲ್ಲಿ, ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾಯಿತು. ಮೂರು ವರ್ಷದೊಳಗೆ ವಿಮಾನ ಇಳಿಯಿತು. ಬೇಕೆಂದರೆ ಈ ದೇಶದಲ್ಲಿ ಕೆಲಸ ಆಗುತ್ತದೆ. ಯಾರಿಗೆ ಬೇಕು ಎಂಬುದಷ್ಟೇ ಪ್ರಶ್ನೆ.

2024ರ ಜುಲೈ 26ರಂದು ಕಡಗರವಳ್ಳಿ–ಎಡಕುಮರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಸುಮಾರು ಎರಡು ವಾರ ಪ್ರಯಾಣಿಕರ ರೈಲಿಲ್ಲ. ಆ ಮಳೆಯಲ್ಲಿ, ಆ ಕಾಡಿನಲ್ಲಿ, ಹಗಲೂ ರಾತ್ರಿ ಕಲ್ಲು ಮೂಟೆ ಹೊತ್ತು ಹಳಿ ಸರಿಮಾಡಿದ ಕೆಲಸಗಾರರಿಗೆ ಕೈಮುಗಿಯಬೇಕು. ಅವರ ಹೆಸರು ಯಾವ ಅಡಿಗಲ್ಲಿನ ಮೇಲೂ ಇರುವುದಿಲ್ಲ.

ಈಗ ವಂದೇ ಭಾರತ್ ಬರುತ್ತದಂತೆ ಎಂದು ಎರಡೂ ತುದಿಯವರಿಗೆ ಪುಳಕ. ಗಂಟೆಗೆ 160 ಕಿಲೋಮೀಟರ್ ಓಡಲೆಂದು ಮಾಡಿದ ರೈಲು. ನಮ್ಮ ಘಟ್ಟದಲ್ಲಿ ಅದೂ ಮೂವತ್ತರಲ್ಲೇ ತೆವಳಬೇಕು. ಮುಂದೊಂದು ಗೂಡ್ಸ್ ಇದ್ದರೆ ಅದಕ್ಕೂ ದಾರಿ ಬಿಡಬೇಕು. ದುಬಾರಿ ದರ್ಜೆಯ ಸೀಟು ಮಾತ್ರ ತಿರುಗುತ್ತದೆ. ನಾವು ಯಾವ ಕಡೆ ಬೇಕಾದರೂ ಮುಖ ಮಾಡಿ ತಡವಾಗಬಹುದು.

ಇಷ್ಟೆಲ್ಲ ನೋಡಿದ ಮೇಲೆ ಸರ್ಕಾರಕ್ಕೆ ಏನು ಹೊಳೆಯಬೇಕು? ಘಟ್ಟ ಗಟ್ಟಿಮಾಡೋಣ, ಹಳಿ ಜೋಡಿ ಮಾಡೋಣ, ಧರೆಗೆ ಇಳಿಜಾರು ಕೊಡೋಣ. ಹೊಳೆದದ್ದು ಅದಲ್ಲ. ಹಾಸನಕ್ಕೊಂದು ವಿಮಾನ ನಿಲ್ದಾಣ.

ಬೂವನಹಳ್ಳಿಯಲ್ಲಿ ರೈತರ ನೂರಾರು ಎಕರೆ ಹೋಯಿತು. 2007ರಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಅಡಿಗಲ್ಲು ಬಿತ್ತು. ಕಲ್ಲು ಅಲ್ಲೇ ಕೂತಿತು. ಹದಿನಾಲ್ಕು ವರ್ಷದ ನಂತರ, 2021ರಲ್ಲಿ, ಇನ್ನೊಂದು ಪಕ್ಷದ ಸರ್ಕಾರ ಕೆಲಸ ಶುರುಮಾಡಿತು. ಸುಮಾರು 193 ಕೋಟಿ ರೂಪಾಯಿಯ ಅಂದಾಜು. ಆಮೇಲೆ ಮೂರನೇ ಪಕ್ಷದ ಸರ್ಕಾರವೂ ಬಂತು. 2025 ಬಂದರೂ ಪ್ರಯಾಣಿಕರ ವಿಮಾನ ಇಳಿದಿರಲಿಲ್ಲ. ಮೂರು ಪಕ್ಷಗಳು ಒಮ್ಮತದಿಂದ ತಡಮಾಡಿದ ಅಪರೂಪದ ಯೋಜನೆ ಇದು.

ಇಳಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ದೇವನಹಳ್ಳಿಯಿಂದ ಬೂವನಹಳ್ಳಿಗೆ ನೇರವಾಗಿ ಸುಮಾರು 175 ಕಿಲೋಮೀಟರ್. ವಿಮಾನ ಏರಿ, ಸೀಟ್‌ಬೆಲ್ಟಿನ ದೀಪ ಆರುವ ಮೊದಲೇ ಇಳಿಯಬೇಕು. ಆಕಾಶದಲ್ಲಿ ಅರ್ಧ ಗಂಟೆ. ಅದಕ್ಕೆ ಮೊದಲು ಬೆಂಗಳೂರಲ್ಲಿ ನಾಲ್ಕು ಗಂಟೆ. ಕಾರಿನವನು ಅಷ್ಟರಲ್ಲಿ ಹಾಸನಕ್ಕೆ ಬಂದು, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡಿರುತ್ತಾನೆ. ಬೆಂಗಳೂರಿಂದ ಹಾಸನದವರೆಗೆ ರಸ್ತೆ ಚೆನ್ನಾಗಿದೆ. ಅಲ್ಲಿಗೆ ವಿಮಾನ ಕೊಡುತ್ತಾರೆ. ಹಾಸನದಿಂದ ಪಶ್ಚಿಮಕ್ಕೆ ರಸ್ತೆ ಜರಿದಿದೆ. ಅಲ್ಲಿಗೆ ವೈಮಾನಿಕ ಸಮೀಕ್ಷೆ ಕೊಡುತ್ತಾರೆ.

ಪಕ್ಕದ ಶಿವಮೊಗ್ಗ ನೋಡಿ ನಮ್ಮವರಿಗೆ ಹೊಟ್ಟೆಯುರಿ. 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಪ್ರಧಾನಿ ನಿಲ್ದಾಣ ಉದ್ಘಾಟಿಸಿದರು. ಅಂದು ಆ ಜಿಲ್ಲೆಯ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಎಂಬತ್ತು ತುಂಬಿದ ದಿನ. 3,200 ಮೀಟರ್ ರನ್‌ವೇ. ಮಂಗಳೂರಿಗಿಂತ ಮುಕ್ಕಾಲು ಕಿಲೋಮೀಟರ್ ಹೆಚ್ಚು! ಕೊಲ್ಲಿಯಿಂದ ದಿನವೂ ವಿಮಾನ ಬರುವ ಊರಿಗೆ ಕಣಿವೆಯ ಅಂಚಿನ ಗಿಡ್ಡ ರನ್‌ವೇ. ಹುಟ್ಟುಹಬ್ಬದ ಊರಿಗೆ ಉದ್ದದ್ದು. ಮೊದಲ ವಿಮಾನ ಬಂದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಆರು ತಿಂಗಳು ನಿಲ್ದಾಣ ಉದ್ಘಾಟನೆಯ ನೆನಪಿನಲ್ಲೇ ಕಾಲ ಕಳೆಯಿತು. ಮೊದಲ ವಿಮಾನದಲ್ಲಿ ಮಂತ್ರಿ, ಮಾಜಿ ಮುಖ್ಯಮಂತ್ರಿ ಎಲ್ಲರೂ ಇದ್ದರು. ಕೈ ಬೀಸಿದರು.

ಇದೆಲ್ಲದರ ಜೊತೆಗೆ 2016ರಲ್ಲಿ ಹುಟ್ಟಿದ ಉಡಾನ್ ಎಂಬ ಯೋಜನೆ ಇದೆ. ಹವಾಯಿ ಚಪ್ಪಲಿ ಹಾಕಿದವನೂ ಹವಾಯಿ ಜಹಾಜ್ ಹತ್ತಬೇಕು ಎಂದರು. ಒಂದು ಗಂಟೆಯ ಹಾರಾಟಕ್ಕೆ ಆಗ ಇಟ್ಟದ್ದು 2,500 ರೂಪಾಯಿ, ಅದೂ ಒಂದು ಪಾಲು ಸೀಟುಗಳಿಗೆ ಮಾತ್ರ. ಒಳ್ಳೆಯದೇ. ನಮ್ಮ ಹೆತ್ತೂರು, ಯಸಳೂರು ಕಡೆಯ ಹವಾಯಿ ಚಪ್ಪಲಿಯವನು ಇನ್ನೂ ಕೊನೆಯ ಬಸ್ಸಿಗೆ ಕಾಯುತ್ತಿದ್ದಾನೆ. ಅದು ಬರುತ್ತದೋ ಇಲ್ಲವೋ ಎಂದು ಹೇಳುವವರಿಲ್ಲ. ಮೊದಲು ಅವನನ್ನು ಸಕಲೇಶಪುರದವರೆಗೆ ಹಾರಿಸಿ.

ಚಪ್ಪಲಿಯವನನ್ನು ವಿಮಾನ ಹತ್ತಿಸುವ ಕನಸನ್ನು ಸರ್ಕಾರಕ್ಕಿಂತ ಮೊದಲೇ ಕಂಡವರು ನಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಒಂದು ರೂಪಾಯಿಗೂ ಟಿಕೆಟ್ ಕೊಟ್ಟರು. ಸಣ್ಣ ಊರುಗಳಿಗೆ ಎಟಿಆರ್ ಇಳಿಸಿದರು. ಅವರ ಮೇಲೆ ತಮಿಳಿನಲ್ಲಿ ಸಿನಿಮಾನೂ ಬಂತು. ಸ್ವಂತ ಜಿಲ್ಲೆಯಲ್ಲಿ ಅವರಿಗೆ ಇಳಿಯಲು ರನ್‌ವೇ ಇರಲಿಲ್ಲ. ಕಂಪನಿ ಆಮೇಲೆ ಬಂಟ್ವಾಳ ಮೂಲದ ಮಲ್ಯರ ಕಿಂಗ್‌ಫಿಷರ್ ಪಾಲಾಯಿತು. 2012ರಲ್ಲಿ ಅದೂ ನೆಲ ಕಚ್ಚಿತು. ಮಾಲೀಕರು ಲಂಡನ್‌ಗೆ ಹಾರಿದರು. ಘಟ್ಟದ ಮೇಲಿನವನು ಕಟ್ಟಿದ್ದನ್ನು ಘಟ್ಟದ ಕೆಳಗಿನ ಮನೆತನದವರು ಮುಳುಗಿಸಿದರೂ, ನಡುವಿನ ಘಟ್ಟ ಮಾತ್ರ ಇದ್ದ ಹಾಗೇ ಇದೆ.

ಇಲ್ಲಿಂದ ಬೆಂಗಳೂರಿನ ಕಡೆಗೆ ಬೇಗ ಹೋಗುವಂಥದ್ದು ಏನೂ ಇಲ್ಲವೆಂದಲ್ಲ. ನೀರಿದೆ. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು. ಅದರ ಅಂದಾಜು ವೆಚ್ಚ ಈಗ 23,251 ಕೋಟಿ ರೂಪಾಯಿ. ನಮ್ಮ ಹಳ್ಳಗಳ 24 ಟಿಎಂಸಿ ನೀರನ್ನು ಮೇಲೆತ್ತಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹರಿಸುವುದು. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಮೊದಲ ಹಂತ ಉದ್ಘಾಟನೆಯಾಯಿತು. ದೊಡ್ಡತಪ್ಪಲಿನ ಮಣ್ಣು ತೆಗೆದು ಆಗಷ್ಟೇ ಒಂದು ತಿಂಗಳು. ಕೋಲಾರದವರಿಗೆ ನೀರು ಬೇಕು, ಅದರಲ್ಲಿ ತಕರಾರಿಲ್ಲ. ನಮ್ಮ ತಕರಾರು ಇಷ್ಟೇ: ನೀರಿಗೆ ಕಾಡಿನ ಮೂಲಕ ಪೈಪಿನ ರಾಜಮಾರ್ಗ ಕಟ್ಟಬಲ್ಲ ಸರ್ಕಾರಕ್ಕೆ, ಅದೇ ಕಾಡಿನಲ್ಲಿ ಮನುಷ್ಯನಿಗೆ ಒಂದು ರಸ್ತೆ ನಿಲ್ಲಿಸಿಕೊಳ್ಳಲು ಆಗುವುದಿಲ್ಲವೇ? ನೀರು ವೋಟು ಹಾಕುವುದಿಲ್ಲ. ಆದರೆ ಅದು ಹೋಗಿ ಸೇರುವ ಕಡೆ ವೋಟು ಹೆಚ್ಚು. ನಾವು ಎಷ್ಟು ಜನ? ಮೂರು ನಿಮಿಷದಷ್ಟು.

ಆನೆಗಳಿಗೂ ನಮಗಿಂತ ಒಳ್ಳೆಯ ವ್ಯವಸ್ಥೆ ಇದೆ. ಕೊರಳಿಗೆ ರೇಡಿಯೋ ಕಾಲರ್. ಗುಂಪು ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಬರಲಿ, ಜೀವ ಉಳಿಸುವ ಸಂದೇಶ ಅದು. ಆದರೆ ಆಂಬ್ಯುಲೆನ್ಸ್ ಯಾವ ತಿರುವಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿದೆ ಎಂದು ತಿಳಿಸುವ ಕಾಲರ್ ಇನ್ನೂ ಬಂದಿಲ್ಲ.

ನಮ್ಮವರೇನು ಕಡಿಮೆಯೇ? ಹೋಂಸ್ಟೇ ಬೋರ್ಡು ನೋಡಿ. "ಬೆಂಗಳೂರಿನಿಂದ ಕೇವಲ ನಾಲ್ಕು ಗಂಟೆ." ಯಾವ ನಾಲ್ಕು ಗಂಟೆ? ಶುಕ್ರವಾರ ಸಂಜೆ ಹೊರಟವನು ನೆಲಮಂಗಲ ದಾಟುವುದಕ್ಕೇ ಎರಡು ಬೇಕು. ಬಂದವನು ಸಿಟ್ಟಿನಲ್ಲಿ ಕೇಳಿದರೆ, "ಸಾರ್, ಹಾಸನ ಏರ್‌ಪೋರ್ಟ್ ಆಗ್ತಾ ಇದೆಯಲ್ಲ, ಮುಂದಿನ ವರ್ಷ ಅರ್ಧ ಗಂಟೆ" ಎನ್ನುತ್ತಾರೆ. ಮುಂದಿನ ವರ್ಷ! 2007ರಿಂದ ಮುಂದಿನ ವರ್ಷವೇ ನಡೆಯುತ್ತಿದೆ.

ನಿವೇಶನ ಮಾರುವವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ರನ್‌ವೇಗೆ ಡಾಂಬರು ಬೀಳುವ ಮೊದಲೇ "ವಿಮಾನ ನಿಲ್ದಾಣದಿಂದ ಹತ್ತು ನಿಮಿಷ" ಎಂದು ಬಾವುಟ ನೆಟ್ಟರು. ಇಲ್ಲದ ವಿಮಾನಕ್ಕೆ ಇಲ್ಲದ ರಸ್ತೆಯಲ್ಲಿ ಹತ್ತು ನಿಮಿಷ. ಜನ ಕೊಂಡರು ಕೂಡ.

ಸಭೆಗಳಲ್ಲಿ ಬೆಳೆಗಾರರು ಎದ್ದು ನಿಂತು ವಿಮಾನ ಬೇಕು ಎನ್ನುತ್ತಾರೆ. ಕಾಫಿ ವಿಮಾನದಲ್ಲಿ ಹೋಗುವುದಿಲ್ಲ, ಗೌಡ್ರೇ. ಮೂಟೆಯಲ್ಲಿ, ಲಾರಿಯಲ್ಲಿ, ಇದೇ ಶಿರಾಡಿ ಇಳಿದು ಮಂಗಳೂರು ಬಂದರಿಗೆ ಹೋಗುತ್ತದೆ. ಅಲ್ಲಿಂದ ಹಡಗು. ಘಟ್ಟ ಒಂದು ವಾರ ನಿಂತರೆ ಕ್ಯೂರಿಂಗ್ ವರ್ಕ್ಸ್‌ನ ಗೋದಾಮು ತುಂಬುತ್ತದೆ, ಬಾಡಿಗೆ ಏರುತ್ತದೆ, ಆ ಬಾಡಿಗೆ ನಿಮ್ಮ ಬೆಲೆಯಿಂದಲೇ ಕಳೆಯುತ್ತದೆ. ಇದು ನಿಮಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ಧರೆಗೆ ತಡೆಗೋಡೆ ಕೇಳಿದರೆ ಯಾರ ಹೆಸರೂ ಪತ್ರಿಕೆಯಲ್ಲಿ ಬರುವುದಿಲ್ಲ. ತಡೆಗೋಡೆಗೆ ಯಾವ ಮಹಾಪುರುಷನ ಹೆಸರಿಡಬೇಕು ಎಂದು ಜಗಳವಾಡಲೂ ಆಗುವುದಿಲ್ಲ.

ಹಾಸನದ ನಿಲ್ದಾಣ ಒಂದಲ್ಲ ಒಂದು ದಿನ ಉದ್ಘಾಟನೆಯಾಗುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಮೂರೂ ಪಕ್ಷದವರ ಹೆಸರು ಯಾವ ಕ್ರಮದಲ್ಲಿರಬೇಕು ಎಂಬುದಕ್ಕೆ ಆರು ತಿಂಗಳು ಹಿಡಿಯಬಹುದು. ಮೊದಲ ವಿಮಾನದಲ್ಲಿ ಮಂತ್ರಿಗಳು ಬರುತ್ತಾರೆ. ಅರ್ಧ ಗಂಟೆಯಲ್ಲಿ ಬಂದೆವು ಎಂದು ಮೆಟ್ಟಿಲ ಮೇಲೆ ನಿಂತು ಹೇಳುತ್ತಾರೆ. ಅವರ ಕಾರುಗಳು ಮಾತ್ರ ಹಿಂದಿನ ರಾತ್ರಿಯೇ ಬೆಂಗಳೂರು ಬಿಟ್ಟು, ಹೆದ್ದಾರಿಯಲ್ಲಿ ಬಂದು, ಬೂವನಹಳ್ಳಿಯ ಬಾಗಿಲಲ್ಲಿ ಸಾಲಾಗಿ ನಿಂತಿರುತ್ತವೆ. ಸಾಹೇಬರು ಸಂಜೆ ಹಿಂದಿರುಗುವುದು ಹೇಗೆ ಎಂದು ಚಾಲಕರನ್ನು ಕೇಳಿ ನೋಡಿ.